ತಲೆ ನರೆತ ಮೇಲೂ ಸ್ಪೋರ್ಟ್ಸ್ ಬೈಕಾ? ಓಡಿಸಲಿ ಬಿಡಿ, ಆದರೆ...

ನಲವತ್ತೈದು ದಾಟಿದವರು ಸ್ಪೋರ್ಟ್ಸ್ ಬೈಕ್ ಹತ್ತಿದರೆ ನಮ್ಮ ಊರುಗಳಲ್ಲಿ ಎರಡು ಥರದ ಮಾತು ಕೇಳಿಸುತ್ತೆ. ಒಂದು, ‘ಈ ವಯಸ್ಸಲ್ಲಿ ಇವನಿಗೆ ಈ ಶೋಕಿ ಬೇಕಿತ್ತಾ?’ ಇನ್ನೊಂದು, ‘ಬಿಡ್ರಿ, ಮೂವತ್ತು ವರ್ಷದಿಂದ ಗಾಡಿ ಓಡಿಸ್ತಾವ್ರೆ, ಅವರಿಗೇನಾಗುತ್ತೆ?’

ನಮ್ಮ ಪ್ರಕಾರ ಎರಡೂ ಮಾತು ಸರಿಯಿಲ್ಲ. ಮೊದಲನೆಯದು ಮನುಷ್ಯನ ಆಸೆಗೆ ಬೇಲಿ ಹಾಕುತ್ತೆ. ಎರಡನೆಯದು ಪ್ರಾಣಕ್ಕೇ ಕುತ್ತು ತರುತ್ತೆ.

ತುಮಕೂರು, ಗುಬ್ಬಿ, ಕುಣಿಗಲ್ ಸುತ್ತ ಸುದ್ದಿ ಮಾಡಿಕೊಂಡು ಓಡಾಡುವ ನಮ್ಮಂಥ ವರದಿಗಾರರಿಗೆ ಬೈಕ್ ಅಪಘಾತ ಅಂದರೆ ನಾಲ್ಕು ಸಾಲಿನ ಸುದ್ದಿ. ಹೆಸರು, ಊರು, ಹೆಸರಿನ ಪಕ್ಕ ವಯಸ್ಸು, ಠಾಣೆಯ ಹೆಸರು. ಅಷ್ಟೇ. ವಯಸ್ಸು 21 ಅಂತ ಇದ್ದರೆ ಓದಿದವರು ‘ಹುಡುಗು ಬುದ್ಧಿ, ಸ್ಪೀಡ್ ಹೋಗಿರ್ತಾನೆ’ ಅಂತಾರೆ. 48 ಅಂತ ಇದ್ದರೆ ‘ಅಯ್ಯೋ ಪಾಪ, ಯಾವನೋ ಬಂದು ಗುದ್ದಿರಬೇಕು’ ಅಂತಾರೆ. ನಡೆದದ್ದು ಏನು ಅಂತ ಯಾರಿಗೂ ಗೊತ್ತಿರುವುದಿಲ್ಲ. ಆದರೆ ಇಪ್ಪತ್ತೊಂದರ ಹುಡುಗ ಹೋದರೆ ಅಪ್ಪ ಅಮ್ಮ ಅಳುತ್ತಾರೆ. ನಲವತ್ತೆಂಟರ ಯಜಮಾನ ಹೋದರೆ ಅಪ್ಪ ಅಮ್ಮನ ಜೊತೆಗೆ ಹೆಂಡತಿ, ಕಾಲೇಜಿಗೆ ಹೋಗುವ ಮಕ್ಕಳು, ಸೊಸೈಟಿ ಸಾಲ, ಅರ್ಧ ಕಟ್ಟಿದ ಮನೆ ಎಲ್ಲವೂ ಒಟ್ಟಿಗೆ ಕೂರುತ್ತವೆ. ಆದ್ದರಿಂದ ಈ ವಿಷಯವನ್ನು ಶೋಕಿ ಅಂತ ನಕ್ಕು ಬಿಡುವ ಹಾಗಿಲ್ಲ.

ಆಸೆ ಇಪ್ಪತ್ತರಲ್ಲಿ, ದುಡ್ಡು ನಲವತ್ತೈದರಲ್ಲಿ

ಈ ಹಿರಿಯ ಸವಾರರು ಯಾರು ಅಂತ ಮೊದಲು ನೋಡೋಣ. ಇವರು ನಿನ್ನೆ ಮೊನ್ನೆ ಬೈಕ್ ಕಂಡವರಲ್ಲ.

ನಮ್ಮ ರಾಜ್ಯಕ್ಕೆ ಬೈಕಿನ ಹುಚ್ಚು ಹತ್ತಿಸಿದ್ದೇ ಮೈಸೂರು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ತಯಾರಾದವು. ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. 1983ರಲ್ಲಿ ರಾಜದೂತ್ 350 ಬಂತು. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು. ಅದೂ 1996ಕ್ಕೆ ನಿಂತಿತು. ಆದರೆ ಅದರ ಸದ್ದು ಇವತ್ತಿಗೂ ನಿಂತಿಲ್ಲ. ಒಂದು ಒಳ್ಳೆ ಆರ್‌ಎಕ್ಸ್ ಊರೊಳಗೆ ಬಂದರೆ ಕಟ್ಟೆ ಮೇಲೆ ಕೂತವರು ಕತ್ತು ತಿರುಗಿಸದೆ ಇರುವುದಿಲ್ಲ. 2001ರಲ್ಲಿ ಪಲ್ಸರ್, 2003ರಲ್ಲಿ ಕರಿಜ್ಮಾ, 2008ರಲ್ಲಿ ಆರ್15, 2012ರಲ್ಲಿ ಕೆಟಿಎಂ ಡ್ಯೂಕ್. ಹೀಗೆ ಒಂದೊಂದು ಬೈಕೂ ಒಂದೊಂದು ತಲೆಮಾರಿನ ಹುಡುಗರ ಕಣ್ಣಿಗೆ ಬಿತ್ತು.

ಕಣ್ಣಿಗೆ ಬಿತ್ತು, ಕೈಗೆ ಸಿಗಲಿಲ್ಲ. ಆರ್‌ಎಕ್ಸ್ ಕಾಲದ ಹುಡುಗರು ಇವತ್ತು ಐವತ್ತರ ಆಚೆ ಇದ್ದಾರೆ. ಪಲ್ಸರ್ ಬಂದಾಗ ಇಪ್ಪತ್ತು ವರ್ಷದವರು ಈಗ ನಲವತ್ತೈದರ ಹತ್ತಿರ. ಆಗ ಮನೆಯಲ್ಲಿ ಬೋರ್‌ವೆಲ್ ಕೊರೆಸುವ ಖರ್ಚು, ತಂಗಿ ಮದುವೆ, ಆಮೇಲೆ ತಮ್ಮದೇ ಮದುವೆ, ಮಕ್ಕಳ ಫೀಸು. ಎಲ್ಲ ಒಂದು ದಡ ಹತ್ತುವ ಹೊತ್ತಿಗೆ ತಲೆ ನರೆತಿರುತ್ತೆ. ಕೊಬ್ಬರಿಗೋ ಅಡಿಕೆಗೋ ಒಳ್ಳೆ ಬೆಲೆ ಬಂದ ವರ್ಷ, ಇಲ್ಲವೇ ಸೈಟು ಮಾರಿದ ವರ್ಷ, ಹಳೇ ಆಸೆ ಎದ್ದು ಕೂರುತ್ತೆ. ಬೆಂಗಳೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಗಾಡಿ ನೋಡಿಕೊಂಡು ಬರುತ್ತಾರೆ.

ಗುಬ್ಬಿ ಕಡೆಯ ತೆಂಗಿನಕಾಯಿ ವ್ಯಾಪಾರಿ ಒಬ್ಬರು ನಮಗೆ ಹೇಳಿದ ಮಾತು ಇದು: ‘ನೋಡ್ರಪ್ಪಾ, ಹುಡುಗನಾಗಿದ್ದಾಗ ಬೈಕ್ ಬೇಕು ಅಂದ್ರೆ ನಮ್ಮಪ್ಪ ಬೈಯ್ಯೋರು. ಈಗ ಬೈಯ್ಯೋಕೆ ಅಪ್ಪ ಇಲ್ಲ. ಅದರ ಬದ್ಲು ಮಂಡಿ ಬೈತದೆ.’

ನಕ್ಕೆವು. ಆದರೆ ಆ ಮಾತಿನಲ್ಲಿ ಎಲ್ಲ ಇದೆ.

ಬೆಳಗ್ಗೆ ಆರಕ್ಕೆ ಎದ್ದು ಕ್ಯಾತ್ಸಂದ್ರದಿಂದ ದೇವರಾಯನದುರ್ಗದ ಕಡೆಗೋ, ಕುಣಿಗಲ್ ದಾಟಿ ಯಡಿಯೂರು, ಹಾಸನದ ಹೆದ್ದಾರಿಗೋ ಒಂದು ಸುತ್ತು ಹೋಗಿ ಎಂಟೂವರೆಗೆ ಮನೆಗೆ ಬಂದು ತಿಂಡಿ ತಿನ್ನುವ ಮನುಷ್ಯ ಯಾರಿಗೆ ಏನು ತೊಂದರೆ ಮಾಡಿದ? ಕುಡಿದಿಲ್ಲ, ಇಸ್ಪೀಟು ಆಡಿಲ್ಲ. ಎರಡು ಗಂಟೆ ತನ್ನ ಪಾಡಿಗೆ ತಾನಿದ್ದು ಬಂದಿದ್ದಾನೆ. ಈ ಸಂತೋಷಕ್ಕೆ ವಯಸ್ಸಿನ ಮಿತಿ ಹಾಕುವ ಹಕ್ಕು ಯಾರಿಗೂ ಇಲ್ಲ ಅಂತಲೇ ನಾವು ಹೇಳುತ್ತೇವೆ.

ಊರಿನ ನ್ಯಾಯ ಎರಡು ಥರ

ಇನ್ನೊಂದು ವಿಷಯ ಗಮನಿಸಿ. ಐವತ್ತರ ಮನುಷ್ಯ ಡ್ಯೂಕ್ ಓಡಿಸಿದರೆ ನಗುವ ಊರೇ ಹದಿನಾರರ ಹುಡುಗನ ಕೈಗೆ ಪಲ್ಸರ್ ಕೀ ಕೊಡುತ್ತೆ. ‘ಹಾಲಿನ ಡೇರಿ ತನಕ ಹೋಗಿ ಬಾ’ ಅಂತ ಕಳಿಸುತ್ತೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೋ ಗಾಡಿ ಮಾಲೀಕರಿಗೋ 25 ಸಾವಿರ ರೂಪಾಯಿ ದಂಡ ಮತ್ತು ಮೂರು ವರ್ಷದ ತನಕ ಜೈಲು. ಇದು ಎಷ್ಟು ಮನೆಯ ಯಜಮಾನರಿಗೆ ಗೊತ್ತು?

ಅದೇ ಊರಿನಲ್ಲಿ ಎಪ್ಪತ್ತರ ಅಜ್ಜ ಟಿವಿಎಸ್ ಎಕ್ಸ್‌ಎಲ್ ಮೇಲೆ ಎರಡು ಹೊರೆ ಮೇವು ಹೇರಿಕೊಂಡು, ಹೆಲ್ಮೆಟ್ ಇಲ್ಲದೆ, ಸಂಜೆಗತ್ತಲಲ್ಲಿ ಹೆದ್ದಾರಿ ದಾಟುತ್ತಾರೆ. ಅವರನ್ನು ಯಾರೂ ‘ಈ ವಯಸ್ಸಲ್ಲಿ ಬೇಕಿತ್ತಾ’ ಅಂತ ಕೇಳಲ್ಲ. ಯಾಕೆಂದರೆ ಅದು ಕೆಲಸ. ಇದು ಸಂತೋಷ. ಕೆಲಸಕ್ಕೆ ಪ್ರಾಣ ಪಣಕ್ಕಿಟ್ಟರೆ ತಪ್ಪಿಲ್ಲ, ಸಂತೋಷಕ್ಕೆ ಗಾಡಿ ಹತ್ತಿದರೆ ತಪ್ಪು ಅನ್ನುವ ಲೆಕ್ಕ ನಮಗಂತೂ ಅರ್ಥ ಆಗಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ವಿಚಿತ್ರ. ನಲವತ್ತೈದರ ಟೀಚರ್ ದಿನಾ ಇಪ್ಪತ್ತು ಕಿಲೋಮೀಟರ್ ಸ್ಕೂಟರ್ ಓಡಿಸಿಕೊಂಡು ಶಾಲೆಗೆ ಹೋದರೆ ಸೈ. ಅವರೇ ಭಾನುವಾರ ಬುಲೆಟ್ ಹತ್ತಿ ದೇವರಾಯನದುರ್ಗಕ್ಕೆ ಹೊರಟರೆ ಊರು ಏನನ್ನಬಹುದು ಅಂತ ನೀವೇ ಯೋಚಿಸಿ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕ್ ರ್‍ಯಾಲಿಯಲ್ಲಿ ಮಹಿಳಾ ವಿಶ್ವಕಪ್ಪನ್ನೇ ಗೆದ್ದು ತಂದರು. ಆದರೂ ನಮ್ಮಲ್ಲಿ ‘ವಯಸ್ಸಾದ ಮೇಲೂ ಬೈಕಾ’ ಅನ್ನುವ ಪ್ರಶ್ನೆ ಗಂಡಸರಿಗೆ ಮಾತ್ರ. ಹೆಂಗಸರಿಗೆ ಯಾವ ವಯಸ್ಸಿನಲ್ಲೂ ಆ ಸರದಿ ಬಂದೇ ಇಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯನ್ನೂ ಹೇಳಬೇಕು. ಅದು ಸವಾರರಿಗೆ ಕೇಳಲು ಕಹಿ.

ದೇಹ ಸುಳ್ಳು ಹೇಳಲ್ಲ

ವಯಸ್ಸಾದರೆ ಏನೂ ಬದಲಾಗಲ್ಲ ಅನ್ನುವುದು ಸುಳ್ಳು. ಮೊದಲು ಬದಲಾಗುವುದು ಕಣ್ಣು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಸಾಮಾನ್ಯ. ಪೇಪರ್ ದೂರ ಹಿಡಿದು ಓದುವವರು ಸ್ಪೀಡೋಮೀಟರ್ ಕೂಡ ಹಾಗೇ ನೋಡಬೇಕಾಗುತ್ತೆ. ಆದರೆ ಅದನ್ನು ದೂರ ಹಿಡಿಯಲು ಆಗಲ್ಲ. ಅರವತ್ತರ ಕಣ್ಣಿನೊಳಗೆ ಹೋಗುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಗುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಅದಕ್ಕೇ ಕತ್ತಲಾದ ಮೇಲೆ ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದರೆ ವಯಸ್ಸಾದವರಿಗೆ ಮತ್ತೆ ರಸ್ತೆ ಕಾಣಲು ಹೆಚ್ಚು ಹೊತ್ತು ಬೇಕು. ಕಣ್ಣಿನ ಪೊರೆ ಶುರುವಾಗಿದ್ದರೆ ಇನ್ನೂ ಕಷ್ಟ.

ಎರಡನೆಯದು, ಕಂಡದ್ದಕ್ಕೆ ಕೈ ಓಡುವ ಹೊತ್ತು. ಒಂದು ಲೆಕ್ಕ ಹಾಕೋಣ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತೆ. ನಾಯಿ ಅಡ್ಡ ಬಂತು. ಬ್ರೇಕ್ ಹಿಡಿಯುವುದು ಅರ್ಧ ಸೆಕೆಂಡ್ ತಡವಾಯಿತು ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಗಾಡಿ 11 ಮೀಟರ್ ಮುಂದೆ ಹೋಗಿರುತ್ತೆ. ಒಂದು ಬಸ್ಸಿನ ಉದ್ದ. 100ರ ವೇಗದಲ್ಲಾದರೆ ಅದೇ ಅರ್ಧ ಸೆಕೆಂಡಿಗೆ 14 ಮೀಟರ್. ಇನ್ನು ಬ್ರೇಕ್ ಹಿಡಿದ ಮೇಲಿನ ಲೆಕ್ಕ ಬೇರೆ. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತೆ.

ಮೂರನೆಯದು ಕತ್ತು, ಸೊಂಟ, ಮಣಿಕಟ್ಟು. ಸ್ಪೋರ್ಟ್ಸ್ ಬೈಕ್ ಮೇಲೆ ಕೂರುವುದೇ ಮುಂದಕ್ಕೆ ಬಾಗಿ. ಮೈಭಾರ ಅಂಗೈ ಮೇಲೆ, ಕತ್ತು ಮೇಲಕ್ಕೆ. ಅರ್ಧ ಗಂಟೆಗೆ ಕೈ ಜೋಮು ಹಿಡಿದರೆ ಬ್ರೇಕ್ ಲಿವರ್ ಮೇಲಿನ ಬೆರಳಿಗೆ ಹಿಡಿತ ಎಲ್ಲಿಂದ ಬರಬೇಕು? ಕತ್ತು ತಿರುಗದವರು ಹಿಂದೆ ಬರುವ ಬಸ್ಸನ್ನು ಹೇಗೆ ನೋಡಬೇಕು?

ಇದರ ಜೊತೆಗೆ ಮಾತ್ರೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಬೆಳಗಿನ ಸವಾರಿಗೆ ಹೊರಟರೆ ಸಕ್ಕರೆ ಇಳಿದು ತಲೆ ಸುತ್ತಬಹುದು. ನೆಗಡಿಗೆ, ತುರಿಕೆಗೆ ಕೊಡುವ ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆ. ‘ಡಾಕ್ಟ್ರೇ, ಇದು ತಗೊಂಡು ಬೈಕ್ ಓಡಿಸಬಹುದಾ?’ ಅಂತ ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಕೊನೆಯದು, ಬಿದ್ದ ಮೇಲಿನ ಮಾತು. ಇಪ್ಪತ್ತರ ಮೂಳೆ ಕೂಡುವಷ್ಟು ಬೇಗ ಐವತ್ತೈದರ ಮೂಳೆ ಕೂಡಲ್ಲ. ಹುಡುಗ ಪ್ಲಾಸ್ಟರ್ ಬಿಚ್ಚಿಸಿಕೊಂಡು ಕಾಲೇಜಿಗೆ ಹೋಗುತ್ತಾನೆ. ನಮ್ಮ ರೈತ ಒಂದು ಹಂಗಾಮನ್ನೇ ಕಳೆದುಕೊಳ್ಳುತ್ತಾನೆ.

ಮೂವತ್ತು ವರ್ಷದ ಅನುಭವ ಯಾವ ಗಾಡಿಯದ್ದು?

ಹಿರಿಯ ಸವಾರರು ಹೇಳುವ ದೊಡ್ಡ ಮಾತು ‘ನಂಗೆ ಅನುಭವ ಇದೆ’. ಹೌದು, ಇದೆ. ಅನುಭವ ಇದ್ದವರು ರಸ್ತೆಯನ್ನು ಮುಂಚೆಯೇ ಓದುತ್ತಾರೆ. ನಿಂತ ಬಸ್ಸಿನ ಮುಂದಿನಿಂದ ಮಗು ಓಡಿ ಬರಬಹುದು ಅಂತ ಅವರಿಗೆ ಗೊತ್ತು. ಹುಡುಗರಿಗೆ ಅದು ಗೊತ್ತಾಗಲು ಇನ್ನೂ ಹತ್ತು ವರ್ಷ ಬೇಕು. ವಯಸ್ಸು ಕೊಡುವ ದೊಡ್ಡ ಲಾಭ ಇದೇ.

ಆದರೆ ಆ ಅನುಭವ ಯಾವ ಗಾಡಿಯದ್ದು ಅಂತ ಕೇಳಿಕೊಳ್ಳಬೇಕು. ಆರ್‌ಎಕ್ಸ್ 100 ಇದ್ದದ್ದು 98 ಸಿಸಿ, ಶಕ್ತಿ 11 ಹಾರ್ಸ್ ಪವರ್. ಮನೆ ಮನೆಯಲ್ಲಿರುವ ಸ್ಪ್ಲೆಂಡರ್‌ನದು ಎಂಟರ ಹತ್ತಿರ. 373 ಸಿಸಿಯ ಕೆಟಿಎಂ 390 ಡ್ಯೂಕ್‌ನದು 43. ಅಂದರೆ ಆರ್‌ಎಕ್ಸ್‌ನ ನಾಲ್ಕರಷ್ಟು, ಸ್ಪ್ಲೆಂಡರ್‌ನ ಐದರಷ್ಟು. ಹದಿನೈದು ವರ್ಷ ಸ್ಪ್ಲೆಂಡರ್‌ನಲ್ಲಿ ಹಾಲಿನ ಡೇರಿಗೆ ಓಡಾಡಿದ ಕೈಗೆ ಇದು ಹೊಸ ಪ್ರಾಣಿ. ಜೋಡೆತ್ತಿನ ಗಾಡಿ ಹೊಡೆದವರನ್ನು ಒಮ್ಮೆಲೇ ಕುಣಿಗಲ್ ಸ್ಟಡ್ ಫಾರಂನ ರೇಸು ಕುದುರೆ ಮೇಲೆ ಕೂರಿಸಿದ ಹಾಗೆ.

ಅಮೆರಿಕ, ಬ್ರಿಟನ್‌ನಲ್ಲೂ ಇಂಥ ಸವಾರರ ಬಗ್ಗೆ ಬಹಳ ವರ್ಷದಿಂದ ಚರ್ಚೆ ಇದೆ. ಯೌವನದಲ್ಲಿ ಬೈಕ್ ಬಿಟ್ಟು, ಮಕ್ಕಳು ದೊಡ್ಡವರಾದ ಮೇಲೆ ದೊಡ್ಡ ಬೈಕ್ ಕೊಂಡು ಮತ್ತೆ ರಸ್ತೆಗೆ ಬಂದವರು. ಅಪಾಯ ಇರುವುದು ಅವರ ವಯಸ್ಸಿನಲ್ಲಿ ಮಾತ್ರ ಅಲ್ಲ, ಆ ನಡುವಿನ ಬಿಡುವಿನಲ್ಲಿ.

ಒಂದೇ ಉದಾಹರಣೆ ಸಾಕು, ಮುಂದಿನ ಬ್ರೇಕು. ‘ಮುಂದಿನ ಬ್ರೇಕ್ ಹಿಡಿದ್ರೆ ಪಲ್ಟಿ ಹೊಡಿತೀಯ’ ಅಂತ ಹೇಳಿಸಿಕೊಂಡೇ ನಮ್ಮ ಹಿರಿಯರೆಲ್ಲ ಗಾಡಿ ಕಲಿತದ್ದು. ಡ್ರಮ್ ಬ್ರೇಕಿನ ಕಾಲ ಅದು. ಕಾಲಿನ ಬ್ರೇಕೇ ಅಭ್ಯಾಸ. ಆದರೆ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುವುದರಿಂದ ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಕೆಲಸ ಮಾಡುವುದು ಮುಂದಿನ ಬ್ರೇಕೇ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ ಕಡ್ಡಾಯ. ಗಾಬರಿಯಲ್ಲಿ ಗಟ್ಟಿಯಾಗಿ ಹಿಡಿದರೂ ಚಕ್ರ ಲಾಕ್ ಆಗದಂತೆ ಅದು ನೋಡಿಕೊಳ್ಳುತ್ತೆ. ಹೀಗಿದ್ದೂ ಎಷ್ಟೋ ಜನ ಮೂರು ಲಕ್ಷದ ಗಾಡಿಯನ್ನು ಕಾಲಿನ ಬ್ರೇಕಿನಲ್ಲೇ ನಿಲ್ಲಿಸಲು ನೋಡುತ್ತಾರೆ. ಹಳೇ ಅನುಭವವೇ ಹೊಸ ಗಾಡಿಗೆ ಶತ್ರು ಆಗುವುದು ಹೀಗೆ.

ರೇಸಿನವರು ಏನು ಮಾಡುತ್ತಾರೆ?

‘ಅಷ್ಟು ವಯಸ್ಸಿನವರು ರೇಸೇ ಓಡಿಸ್ತಾರಲ್ಲ’ ಅಂತ ಕೆಲವರು ಮೊಬೈಲ್ ತೆಗೆದು ವಿಡಿಯೊ ತೋರಿಸುತ್ತಾರೆ. ಸರಿ, ಅವರನ್ನೂ ನೋಡೋಣ.

ನ್ಯೂಜಿಲೆಂಡಿನ ಬರ್ಟ್ ಮುನ್ರೊ ಹುಟ್ಟಿದ್ದು 1899ರಲ್ಲಿ. 1967ರಲ್ಲಿ, 68ನೇ ವಯಸ್ಸಿನಲ್ಲಿ, 1920ರ ಹಳೇ ಇಂಡಿಯನ್ ಸ್ಕೌಟ್ ಬೈಕನ್ನು ತಾನೇ ಬಿಚ್ಚಿ ಕಟ್ಟಿ ಅಮೆರಿಕದ ಬಾನವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ ಸುಮಾರು 296 ಕಿಲೋಮೀಟರ್ ವೇಗದ ದಾಖಲೆ ಮಾಡಿದ. ಅವನ ಮೇಲೆ 2005ರಲ್ಲಿ ಇಂಗ್ಲಿಷ್ ಸಿನಿಮಾನೂ ಬಂತು. ಅರವತ್ತೆಂಟಕ್ಕೆ ಆಸೆ ಸಾಯಬೇಕಿಲ್ಲ ಅನ್ನಲು ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಆದರೆ ಆ ಉಪ್ಪಿನ ಬಯಲಿನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬರುವುದಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ. ಆ ಬೈಕನ್ನು ಅವನು ದಶಕಗಟ್ಟಲೆ ತನ್ನ ಕೈಯಾರೆ ತಿದ್ದಿದ್ದ.

ಒಂಬತ್ತು ಬಾರಿ ವಿಶ್ವ ಚಾಂಪಿಯನ್ ಆದ ಇಟಲಿಯ ವ್ಯಾಲೆಂಟಿನೊ ರೊಸ್ಸಿ 1996ರಿಂದ ಓಡಿಸಿ 2021ರಲ್ಲಿ, 42ನೇ ವಯಸ್ಸಿನಲ್ಲಿ ಬೈಕ್ ರೇಸ್ ನಿಲ್ಲಿಸಿದರು. ಮನೆಯಲ್ಲಿ ಕೂರಲಿಲ್ಲ, ಕಾರ್ ರೇಸಿಗೆ ಹೋದರು. ಜಗತ್ತಿನ ದೊಡ್ಡ ಸವಾರನೇ ‘ಈ ಗಾಡಿಗೆ ನನ್ನ ಕಾಲ ಮುಗೀತು’ ಅಂತ ಒಪ್ಪಿಕೊಂಡು ಇನ್ನೊಂದಕ್ಕೆ ಹೋದರೆ ಅದು ಸೋಲಲ್ಲ.

ನಮ್ಮವರೇ ಇದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಅದೇ ರ್‍ಯಾಲಿಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಕೋಮಾದಲ್ಲಿದ್ದು ಬದುಕಿ ಬಂದರು. ಬಿಗ್ ಬಾಸ್ ನೋಡಿದವರಿಗೆಲ್ಲ ಗೊತ್ತಿರುವ ಉಡುಪಿಯ ಅರವಿಂದ್ ಕೆ.ಪಿ. ಕೂಡ ಡಕಾರ್ ಓಡಿಸಿದವರು, 2019ರಲ್ಲಿ ಅದನ್ನು ಪೂರ್ತಿ ಮುಗಿಸಿದವರು. ಇವರೆಲ್ಲ ದಿನಾ ವ್ಯಾಯಾಮ ಮಾಡಿ, ಮೈ ತುಂಬ ರಕ್ಷಣೆಯ ಉಡುಪು ಹಾಕಿ, ಬಿದ್ದರೆ ಹೆಲಿಕಾಪ್ಟರ್ ಬರುವ ಕಡೆ ಓಡಿಸಿದವರು. ಅಷ್ಟಿದ್ದೂ ಬಿದ್ದಿದ್ದಾರೆ. ಚಪ್ಪಲಿ ಹಾಕಿಕೊಂಡು, ಹೆಲ್ಮೆಟ್ ಕನ್ನಡಿಗೆ ನೇತುಹಾಕಿ ಹೋಗುವ ನಮಗೆ ಅವರ ಧೈರ್ಯ ಮಾತ್ರ ಬೇಕು, ಅವರ ಶಿಸ್ತು ಬೇಡ ಅಂದರೆ ಹೇಗೆ?

ನಮ್ಮ ರಸ್ತೆ ರೇಸ್ ಟ್ರ್ಯಾಕ್ ಅಲ್ಲ

ರಾಗಿ, ಹುರುಳಿ ಒಕ್ಕಣೆ ಕಾಲದಲ್ಲಿ ತುಮಕೂರು–ಕುಣಿಗಲ್ ರಸ್ತೆಯಲ್ಲಿ ಹೆಬ್ಬೂರು ಆಚೀಚೆಯ ಊರುಗಳ ಕಡೆ ಹೋಗಿ ನೋಡಿ. ಡಾಂಬರೇ ಕಣ. ಹುರುಳಿ ಸೊಪ್ಪಿನ ಮೇಲೆ ಬೈಕಿನ ಬ್ರೇಕ್ ಹಿಡಿದರೆ ಅದು ಎಣ್ಣೆ ಮೇಲೆ ಹಿಡಿದ ಹಾಗೆ. ಬಣ್ಣ ಬಳಿಯದ ಹಂಪ್, ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್, ಸರ್ವಿಸ್ ರಸ್ತೆ ಸುತ್ತುವ ಬದಲು ಹೆದ್ದಾರಿಯಲ್ಲೇ ಎದುರಿನಿಂದ ಬರುವ ಆಟೊ. ಗುಬ್ಬಿ, ನಿಟ್ಟೂರು ಕಡೆ ಹೋಗುವ ಶಿವಮೊಗ್ಗ ಹೆದ್ದಾರಿ ಇರಲಿ, ಕುಣಿಗಲ್ ಮೇಲಿನ ಹಾಸನ ಹೆದ್ದಾರಿ ಇರಲಿ, ರಸ್ತೆ ಅಗಲ ಆದಷ್ಟೂ ಕೈ ತಿರುವುವ ಆಸೆ ಜಾಸ್ತಿ. ಅಕ್ಕಪಕ್ಕದ ಹೊಲದಿಂದ ದಾಟುವ ದನ, ಜನ ಮಾತ್ರ ಹಳೇ ಕಾಲದಂತೆಯೇ ದಾಟುತ್ತಾರೆ.

ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ನಡುವೆ ವಿಭಜಕ ಇರುವ ನಾಲ್ಕು ಪಥದ ಹೆದ್ದಾರಿಯಲ್ಲೂ ಬೈಕಿನ ಗರಿಷ್ಠ ವೇಗ 80. ಬೇರೆ ರಸ್ತೆಗಳಲ್ಲಿ 60. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ದ್ವಿಚಕ್ರ ವಾಹನದಲ್ಲಿದ್ದವರು ಶೇ. 44ಕ್ಕೂ ಹೆಚ್ಚು. ಹೆಲ್ಮೆಟ್ ಹಾಕದೆ ಸತ್ತವರೇ 50,029. ಇದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಹಿಂದೆ ಕೂತವರೂ ಈ ಲೆಕ್ಕದಲ್ಲಿದ್ದಾರೆ. ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೈಕಿನ ಹಿಂದೆ ಕೂತಿದ್ದಾಗಲೇ ಅಪಘಾತವಾಗಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ನಮ್ಮ ಕಡೆ ತಲೆಗೆ ಜೋರು ಪೆಟ್ಟು ಬಿದ್ದರೆ ಬೆಂಗಳೂರಿಗೆ ಒಯ್ಯಿರಿ ಅಂತಾರೆ. ತುಮಕೂರಿನಿಂದ ಸುಮಾರು 70 ಕಿಲೋಮೀಟರ್. ಅಷ್ಟು ದೂರವನ್ನು ಆ ತಲೆ ತಡೆಯಬೇಕಲ್ಲ.

ಹಾಗಾದರೆ ಏನು ಮಾಡಬೇಕು?

ವಯಸ್ಸು ಕೇಳಬೇಡಿ, ತಯಾರಿ ಕೇಳಿ. ನಮ್ಮ ಮಾತು ಇಷ್ಟೇ. ಸವಾರರೂ ತಮ್ಮನ್ನು ತಾವು ಇದನ್ನೇ ಕೇಳಿಕೊಳ್ಳಲಿ.

ಮೊದಲು ಲೈಸೆನ್ಸ್. ಹಳೇ ಕಾನೂನಿನಲ್ಲಿ ಲೈಸೆನ್ಸ್ 20 ವರ್ಷಕ್ಕೆ ಅಥವಾ 50 ವಯಸ್ಸಿನ ತನಕ, ಯಾವುದು ಮೊದಲೋ ಅಷ್ಟಕ್ಕೆ. 1999ರಲ್ಲಿ 22ನೇ ವಯಸ್ಸಿಗೆ ಮಾಡಿಸಿದ್ದು 2019ಕ್ಕೇ ಮುಗಿದಿರುತ್ತೆ. ಎಷ್ಟೋ ಜನ ಪರ್ಸಿನಲ್ಲಿಟ್ಟು ಮರೆತಿದ್ದಾರೆ. ಈಗ 30ರಿಂದ 50ರೊಳಗಿನವರಿಗೆ ಹತ್ತು ವರ್ಷಕ್ಕೆ, 50ರಿಂದ 55ರೊಳಗಿನವರಿಗೆ 60 ತುಂಬುವ ತನಕ, 55 ದಾಟಿದವರಿಗೆ ಐದೈದು ವರ್ಷಕ್ಕೆ ಕೊಡುತ್ತಾರೆ. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. 40 ದಾಟಿದವರಿಗೆ ಡಾಕ್ಟರ್ ಸರ್ಟಿಫಿಕೇಟ್, ಅಂದರೆ ಫಾರಂ 1ಎ, ಬೇಕು. ಅದನ್ನು ಬರೀ ಸಹಿ ಸೀಲಿನ ಕಾಗದ ಅಂತ ತಿಳಿಯಬೇಡಿ. ನಿಜವಾಗಿ ಕಣ್ಣು ತೋರಿಸಿ.

ಎರಡನೆಯದು ವಿಮೆ. ಮಾಲೀಕನೇ ಓಡಿಸುವಾಗ ಅಪಘಾತವಾದರೆ ಸಿಗುವ ವೈಯಕ್ತಿಕ ಅಪಘಾತ ವಿಮೆ 15 ಲಕ್ಷ ರೂಪಾಯಿಯದ್ದು. ಅದು ಸಿಗಬೇಕಾದರೆ ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಗಾಡಿಯೂ ವಿಮೆಯೂ ನಿಮ್ಮ ಹೆಸರಿನಲ್ಲಿರಬೇಕು. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕ್ ತಂದು ಎರಡು ವರ್ಷವಾದರೂ ಆರ್‌ಸಿ ಹಳೇ ಮಾಲೀಕನ ಹೆಸರಲ್ಲೇ ಇದ್ದರೆ ಆ 15 ಲಕ್ಷ ನಿಮ್ಮ ಮನೆಯವರ ಕೈಗೆ ಬರುವುದು ಕಷ್ಟ. ಟ್ಯಾಂಕಿಗೆ ಸ್ಟಿಕ್ಕರ್ ಅಂಟಿಸುವ ಮುಂಚೆ ಆರ್‌ಸಿ ಮಾಡಿಸಿ.

ಮೂರನೆಯದು ಗಾಡಿಯ ಆಯ್ಕೆ. ಇಪ್ಪತ್ತರಲ್ಲಿ ಆಸೆಪಟ್ಟ ಗಾಡಿಯೇ ಐವತ್ತಕ್ಕೂ ಸರಿ ಅಂತ ಏನಿಲ್ಲ. ಹ್ಯಾಂಡಲ್ ಎತ್ತರ ಇರುವ, ನೆಟ್ಟಗೆ ಕೂರುವ ಗಾಡಿಯಲ್ಲೂ ಬೇಕಾದಷ್ಟು ಮಜಾ ಇದೆ. ನಿಂತ ಗಾಡಿಯನ್ನು ಒಬ್ಬರೇ ತಳ್ಳಿ ತಿರುಗಿಸಲು ಆಗದಿದ್ದರೆ ಅದು ನಿಮಗೆ ಭಾರ ಅಂತಲೇ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕಿಗೆ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ, ಅದಕ್ಕೂ ದೊಡ್ಡದಕ್ಕೆ ಶೇ. 40 ಆಗಿದೆ. ಜೇಬೂ ಬೆನ್ನೂ ಒಂದೇ ಮಾತು ಹೇಳುತ್ತಿವೆ.

ನಾಲ್ಕನೆಯದು ಅಭ್ಯಾಸ. ಹೊಸ ಗಾಡಿ ತಂದ ಮೊದಲ ತಿಂಗಳು ಹೆದ್ದಾರಿ ಬೇಡ. ಜನ ಇಲ್ಲದ ಬಯಲಿನಲ್ಲಿ 30, 40ರ ವೇಗದಲ್ಲಿ ಎರಡೂ ಬ್ರೇಕ್ ಹಿಡಿದು ನಿಲ್ಲಿಸುವುದನ್ನು ಇಪ್ಪತ್ತು ಸಲ ಮಾಡಿ. ಮಗನ ವಯಸ್ಸಿನವರು ನೋಡಿ ನಕ್ಕರೆ ನಗಲಿ.

ಐದನೆಯದು ಮೈಮೇಲಿನದು. ಐಎಸ್‌ಐ ಗುರುತಿನ, ಮುಖ ಮುಚ್ಚುವ ಹೆಲ್ಮೆಟ್, ಗದ್ದದ ಕೆಳಗೆ ಪಟ್ಟಿ ಬಿಗಿದು. ಕೈಗವಸು, ಶೂ, ದಪ್ಪ ಜಾಕೆಟ್. ಎರಡು ಲಕ್ಷ ಗಾಡಿಗೆ ಕೊಟ್ಟವರು ಹತ್ತು ಸಾವಿರ ತಮ್ಮ ಮೈಗೆ ಕೊಡಲಿ. ಕತ್ತಲಾದ ಮೇಲೆ, ಮಳೆಯಲ್ಲಿ, ನಿದ್ದೆ ಕೆಟ್ಟ ಮರುದಿನ ಬೇಡ. ಹುಡುಗರ ಗುಂಪಿನ ಜೊತೆ ಪೈಪೋಟಿ ಅಂತೂ ಬೇಡವೇ ಬೇಡ. ಅವರು ಮುಂದೆ ಹೋಗಲಿ, ಟೀ ಅಂಗಡಿಯಲ್ಲಿ ಸಿಗುತ್ತಾರೆ.

ಮನೆಯವರಿಗೆ ಒಂದು ಮಾತು

‘ಎರಡು ಮಕ್ಕಳ ಅಪ್ಪನಿಗೆ ಯಾಕ್ರೀ ಇದೆಲ್ಲ’ ಅಂತ ಕೇಳುವ ಅಕ್ಕಂದಿರ ಭಯ ಸುಳ್ಳಲ್ಲ. ಬಾಗಿಲಲ್ಲಿ ನಿಂತು ಕಾಯುವವರು ಅವರೇ. ಆ ಭಯಕ್ಕೆ ‘ನಿಂಗೇನು ಗೊತ್ತಾಗುತ್ತೆ’ ಅನ್ನುವುದು ಉತ್ತರ ಅಲ್ಲ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಹೇಳಿ ಹೋಗುವುದು, ವಿಮೆ ಕಾಗದ ಎಲ್ಲಿದೆ ಅಂತ ತೋರಿಸುವುದು, ಸಾಲ ಮಾಡಿ ಗಾಡಿ ತರುವ ಮುಂಚೆ ಕೂತು ಮಾತಾಡುವುದು, ಇವು ಉತ್ತರ.

ಹಾಗೆಯೇ ಮನೆಯವರು ಕೀ ಬಚ್ಚಿಡುವುದೂ ಉತ್ತರ ಅಲ್ಲ. ಬಚ್ಚಿಟ್ಟರೆ ಹೇಳದೆ ಹೋಗುತ್ತಾರೆ. ಅದು ಇನ್ನೂ ಅಪಾಯ. ಬದಲಿಗೆ ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗಿ. ಒಂದು ಸಲ ಹಿಂದೆ ಕೂತು, ಹೆಲ್ಮೆಟ್ ಹಾಕಿಕೊಂಡೇ, ಒಂದು ಸುತ್ತು ಹೋಗಿ ಬನ್ನಿ. ತಿರುವಿನಲ್ಲಿ ತಡವರಿಸುತ್ತಾರಾ, ಹಂಪ್ ಕಾಣದೆ ಹಾರಿಸುತ್ತಾರಾ ಅಂತ ನಿಮಗೇ ಗೊತ್ತಾಗುತ್ತೆ. ಅದನ್ನು ಜಗಳದ ಹೊತ್ತಿನಲ್ಲಿ ಅಲ್ಲ, ಊಟದ ಹೊತ್ತಿನಲ್ಲಿ ಹೇಳಿ.

ಬಿಡುವ ದಿನವೂ ಒಂದು ಬರುತ್ತೆ. ಒಂದೇ ತಿಂಗಳಲ್ಲಿ ಎರಡು ಮೂರು ಸಲ ‘ಸ್ವಲ್ಪದರಲ್ಲಿ ತಪ್ಪಿತು’ ಅನ್ನುವ ಹಾಗಾದರೆ, ಗಾಡಿ ಸ್ಟ್ಯಾಂಡ್ ಹಾಕುವಾಗಲೇ ಕೈ ನಡುಗಿದರೆ, ಗೊತ್ತಿರುವ ತಿರುವೇ ಹೊಸದಾಗಿ ಕಂಡರೆ, ಅವತ್ತು ಸ್ಪೋರ್ಟ್ಸ್ ಬೈಕ್ ಮಾರಿ ಸಣ್ಣ ಗಾಡಿಗೆ ಬನ್ನಿ. ಗುಬ್ಬಿ ಅಂದರೆ ನಾಟಕದ ಊರು. ಕಂಪನಿ ನಾಟಕ ನೋಡಿದ ಹಿರಿಯರಿಗೆ ಗೊತ್ತು, ನಾಯಕನ ಪಾತ್ರ ಮಾಡಿದವರು ವಯಸ್ಸಾದಂತೆ ತಂದೆ ಪಾತ್ರಕ್ಕೆ ಬರುತ್ತಿದ್ದರು. ಪಾತ್ರ ಬದಲಾಯಿತು ಅಂತ ಯಾರೂ ಅವಮಾನ ಅಂದುಕೊಳ್ಳುತ್ತಿರಲಿಲ್ಲ. ರಂಗ ಬಿಟ್ಟು ಹೋಗಲೂ ಇಲ್ಲ.

ನಮ್ಮಲ್ಲಿ ಬಹುತೇಕರಿಗೆ ಈಗ ಮೂವತ್ತು ದಾಟಿದೆ. ಇನ್ನು ಹತ್ತು ಹದಿನೈದು ವರ್ಷಕ್ಕೆ ನಾವೂ ಇದೇ ಸಾಲಿನಲ್ಲಿ ನಿಂತಿರುತ್ತೇವೆ. ಆಗಲೂ ಬೆಳಗ್ಗೆ ದೇವರಾಯನದುರ್ಗದ ತಿರುವುಗಳಲ್ಲಿ ನರೆತ ತಲೆಯ ಸವಾರರು ಕಾಣಲಿ ಅನ್ನುವುದು ನಮ್ಮ ಆಸೆ. ಅವರ ಹೆಸರು, ವಯಸ್ಸು ನಮ್ಮ ನಾಲ್ಕು ಸಾಲಿನ ಸುದ್ದಿಯಲ್ಲಿ ಬರುವುದು ಬೇಡ.

ಇದನ್ನು ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಪರ್ಸ್ ತೆಗೆದು ಲೈಸೆನ್ಸ್ ಯಾವ ದಿನಕ್ಕೆ ಮುಗಿಯುತ್ತೆ ಅಂತ ನೋಡಿ. ಮನೆಯಲ್ಲಿ ಅಪ್ಪ, ಚಿಕ್ಕಪ್ಪ, ಮಾವ ಗಾಡಿ ಓಡಿಸುತ್ತಿದ್ದರೆ ಅವರದ್ದನ್ನೂ ಕೇಳಿ ನೋಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.